ಹಿಮ್ಮಡಿ

ಕಾರವಾರದಿಂದ ಬಂದಾಕೆ ಹಲಗೆಯನ್ನು ಗೋಡೆಯಿಂದ ಇಳಿಸಿ
ಮೊದಲು ಮೂಸಿದಳು.
ಶಿರಿಯ ಹೊಳೆಬದಿಯ ಈ ಸಣ್ಣ ಇಗರ್ಜಿಯಲ್ಲಿ
ಅದಕ್ಕೆ ಮುತ್ತಿಟ್ಟವರುಂಟು, ಕೊಬ್ಬರಿ ಎಣ್ಣೆ ಸವರಿದವರುಂಟು,
ಮೂಸಿದವರನ್ನು ಕಂಡದ್ದು ಇದೇ ಮೊದಲು.

ಟಾರ್ಚು ಹಿಡಿಯುವುದಕ್ಕೆ ನಾನು.
ಗಂಟೆ ಹೊಡೆಯುವ ಮೊಂತು ಹೇಳಿಕಳಿಸಿದ್ದ:
ನೀನು ಬೋರ್ಡು ಬರೆದವ, ಬಣ್ಣದ ಸಂಗತಿ ಗೊತ್ತುಂಟಲ್ಲ.

ಬರೆದವ ಹೌದು.
ಬಟ್ಯಪ್ಪ ಮೇಸ್ತ್ರಿ ಅಕ್ಷರ ಬರೆದರೆ
ಅದರ ಬುಡಕ್ಕೆ ಒತ್ತು ಕೊಡುವವ ನಾನು.
ಕುಂಬಳೆಯಿಂದ ಉಪ್ಪಳದವರೆಗೆ
ಅಕ್ಕಿಯಂಗಡಿ, ಸೋಡಾ ಫ್ಯಾಕ್ಟರಿ, ಹಲ್ಲಿನ ಡಾಕ್ಟರು,
ಮೇಲೆ ಮಲಯಾಳ, ಕೆಳಗೆ ಸಣ್ಣದಾಗಿ ಕನ್ನಡ,
ಮೂಲೆಯಲ್ಲಿ ಇನ್ನೂ ಸಣ್ಣದಾಗಿ ಮೇಸ್ತ್ರಿಯ ಹೆಸರು.
ಕೈ ನಡುಗತೊಡಗಿದ ಮೇಲೆ
ಆ ಹೆಸರನ್ನೂ ನಾನೇ ಬರೆದೆ.

ಆಕೆ ಒಬ್ಬ ಗುರುವಿನ ಹೆಸರು ಹೇಳಿದಳು,
ಕಡಲಾಚೆಯದು, ನನ್ನ ನಾಲಗೆಗೆ ಹತ್ತಲಿಲ್ಲ.
"ಇದು ಅವನ ಕೈಯಲ್ಲ. ಅನುಯಾಯಿಯೊಬ್ಬನದು.
ಮಾತೆಯ ಗಲ್ಲ ಗುರುವಿನದೇ, ನೆರಳೂ ಅವನದೇ.
ಕಿವಿ ಮಾತ್ರ ಕಲಿತು ಬಂದದ್ದಲ್ಲ,
ಯಾರನ್ನೋ ಕಂಡು ಬರೆದದ್ದು."
ಫಾದರ್ ಮುಖ ಸಣ್ಣ ಮಾಡಿದರು.
ಅವನಿಗೆ ಹೆಸರಿಲ್ಲವೋ?
"ಇದ್ದಿರಬೇಕು."

ಭೂತಗನ್ನಡಿ ಇಳಿಯಿತು.
ನೀಲಿ ಸೆರಗಿನ ಮಡಿಕೆ, ದಾಳಿಂಬೆ, ಮಗುವಿನ ಮೊಣಕಾಲು,
ಮತ್ತೆ ಹಿಮ್ಮಡಿ.
ಅಲ್ಲಿ ನಿಂತಿತು.
ನನ್ನ ಕೈಯ ಬೆಳಕು ಅಲುಗಿತು.

ಅದು ಒರಲೆ ಹಿಡಿದ ವರ್ಷ.
ಹಿಂದಿನ ಪಾದ್ರಿ ಹತ್ತರ ಐದು ನೋಟು ಕೊಟ್ಟು
ಹಬ್ಬಕ್ಕೆ ಮೊದಲು ಕಾಲು ಕೂಡಿಸು ಎಂದಿದ್ದರು.
ಮೇಸ್ತ್ರಿ ಹಾಸಿಗೆ ಹಿಡಿದಿದ್ದರು. ಡಬ್ಬಿಯಲ್ಲಿ ಕೆಂಪು ಮುಗಿದಿತ್ತು.
ಮುರಕಲ್ಲು ಅರೆದೆ, ಬಟ್ಟೆಯಲ್ಲಿ ಸೋಸಿದೆ,
ಅಗಸೆ ಎಣ್ಣೆಯಲ್ಲಿ ಕಲಸಿದೆ.
ಯಾರ ಕಾಲು ಬರೆಯಲಿ?
ತಂಗಿ ದೇಯಿಯ ಕೂಸು ಮೆಟ್ಟಿಲಲ್ಲಿ ಬೆಲ್ಲ ಚೀಪುತ್ತಿತ್ತು
ಅಂಗಾಲು ಈ ಕಡೆ ಮಾಡಿ.
ಧೂಳು ಸಹಿತ ಬರೆದೆ.
ಆ ಕೂಸಿಗೆ ಈಗ ನಲ್ವತ್ತು, ಬೀಡಿ ಕಟ್ಟುತ್ತಾಳೆ,
ಒಡೆದ ಹಿಮ್ಮಡಿಗೆ ರಾತ್ರಿ ಮೇಣ ಹಚ್ಚುತ್ತಾಳೆ.
ಇಗರ್ಜಿಯ ಒಳಗೆ ಬಂದವಳಲ್ಲ.

"ಇದು ಈಚಿನ ಕೈ," ಎಂದಳಾಕೆ.
ಹತ್ತಿಯನ್ನು ಯಾವುದೋ ನೀರಿನಲ್ಲಿ ಅದ್ದಿದಳು.
ಅದ್ದಿ, ಹಿಡಿದುಕೊಂಡೇ ಕೂತಳು.
"ಒರೆಸಿದರೆ ಕೆಳಗೆ ಏನೂ ಇಲ್ಲ, ಬರೇ ಮರ."
ಆಮೇಲೆ ನನ್ನ ಕಡೆ ತಿರುಗಿ,
"ಬರೆದದ್ದು ಯಾರು, ಗೊತ್ತುಂಟಾ?"

ಬಟ್ಯಪ್ಪ ಮೇಸ್ತ್ರಿ, ಎಂದೆ.

ಮಡಿಲ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಂಡಳು.
ಇಣುಕಿದೆ. ಪಕಾರಕ್ಕೆ ಒತ್ತು ಬಿಟ್ಟುಹೋಗಿತ್ತು.
ಅಲ್ಲಿ, ಎಂದೆ ಬೆಳಕು ಹತ್ತಿರ ಹಿಡಿದು.
ಕೆಳಗೆ. ಬುಡದಲ್ಲಿ.