ದಪ್ಪ ಎಷ್ಟು?

ಬಾಗಲೂರು ರಸ್ತೆಯ ನಮ್ಮ ಶೆಡ್ಡಿಗೆ
ಡ್ರಾಯಿಂಗ್ ತರುತ್ತಾರೆ, ಹಲ್ಲು ಮುರಿದ ಗೇರು ತರುತ್ತಾರೆ,
ಹಳೇ ಬಾಕಿಯೊಂದು ಬಿಟ್ಟು ಮಿಕ್ಕೆಲ್ಲ ತರುತ್ತಾರೆ.
ಚೂಡೇಶ ತಂದದ್ದು ಹೂಜಿ.

ಹೂಜಿ ಅಂದರೆ, ಜೇಬಿನಲ್ಲೊಂದು ಪೆನ್ ಡ್ರೈವು.
ಅದರೊಳಗೆ ಅವನು ಎರಡು ವರ್ಷದಿಂದ ಕಟ್ಟುತ್ತಿರುವ ಆಟದ ಊರು,
ಊರಿನ ಬಾವಿ, ಬಾವಿಕಟ್ಟೆಯ ಮೇಲೆ ಇದು.
ಒಂಬತ್ತನೇ ಕ್ಲಾಸು. ಮೀಸೆ ಇನ್ನೂ ಯೋಚನೆಯಲ್ಲಿದೆ.
"ಕೈಯಲ್ಲಿ ಹಿಡೀಬೇಕು ಅಕ್ಕಾ."

ಪರದೆಯ ಮೇಲೆ ತಿರುಗಿಸಿ ನೋಡಿದೆ. ಚೆಂದ.
ಕತ್ತಿನ ಸುತ್ತ ಬಳ್ಳಿ, ಬಳ್ಳಿಗೆ ನೆರಳು ಕೂಡ.
ಮೆಷಿನ್ನು ಮಾತ್ರ ಒಲ್ಲೆ ಅಂತು.
ಗೋಡೆಗೆ ದಪ್ಪವೇ ಇಲ್ಲ.
ಹೊರಗೆ ನಿಂತರೆ ಹೂಜಿ;
ಒಳಹೊಕ್ಕು ಹಿಂತಿರುಗಿದರೆ
ಹೂಜಿ ಮಾಯ, ಬಾವಿಯ ಹಗ್ಗ ಕಾಣುತ್ತದೆ.

"ದಪ್ಪ ಎಷ್ಟು ಇಡಲಿ?"
"ಅಲ್ಲಿ ಯಾರೂ ಕೇಳಲ್ಲ."
"ಇಲ್ಲಿ ನೀರೇ ಕೇಳುತ್ತೆ ಕಣೋ."

ಎರಡು ಮಿಲಿಮೀಟರು ಕೊಟ್ಟೆ,
ಕೈಸಾಲ ಕೊಟ್ಟ ಹಾಗೆ.

ಹನ್ನೊಂದು ಗಂಟೆ ಕೆಲಸ.
ಪಕ್ಕದಲ್ಲಿ ಲೇತು ಲೋಹವನ್ನು ಕೆರೆದು ಕೆರೆದು
ಬೇಡದ್ದನ್ನು ತೆಗೆಯುತ್ತಿತ್ತು,
ಇದು ಏನೂ ಇಲ್ಲದಲ್ಲಿ
ಕೂದಲೆಳೆಯಷ್ಟು ಇಟ್ಟು, ಮತ್ತೆ ಇಟ್ಟು.
ಮೂವತ್ತು ವರ್ಷ ತೆಗೆಯುವುದನ್ನೇ ಕಲಿತವಳು ನಾನು,
ಊಟದ ಡಬ್ಬಿ ಬಿಚ್ಚದೆ ನೋಡುತ್ತಾ ಕೂತೆ.
ನಡುರಾತ್ರಿ ಕರೆಂಟು ಹೋಗಿ ಬಂತು.
ಹೂಜಿಯ ಹೊಟ್ಟೆಗೆ ಒಂದು ಗೆರೆ ಬಿತ್ತು,
ಬಟ್ಟೆಯ ಅಂಚು ತಿರುಚಿದಂತೆ.

ಬೈಸಿಕೊಳ್ಳಲು ಸಿದ್ಧಳಾಗಿದ್ದೆ.
ಅವನು ಉಗುರಿನಿಂದ ಆ ಗೆರೆಯನ್ನು ಎರಡು ಸಲ ಸುತ್ತಿದ.
ಝರ್ರ್ ಅಂತು.
"ಇದು ಅಲ್ಲಿರಲಿಲ್ಲ" ಅಂದ,
ಮನೆಗೆ ಹೋಗಿ ಅಲ್ಲಿಯ ಹೂಜಿಗೂ ಅದೇ ಗೆರೆ ಎಳೆದನಂತೆ.
ಅಲ್ಲಿ ಕರೆಂಟು ಯಾವತ್ತೂ ಹೋಗಿಲ್ಲ.

ಆಮೇಲೆ ನನಗೂ ಹುಳ ಹೊಕ್ಕಿತು.
ಮನೆಯ ಹಿತ್ತಾಳೆ ಸೇರನ್ನು ಸ್ಟೂಲಿನ ಮೇಲಿಟ್ಟು
ಫೋನು ಹಿಡಿದು ಸುತ್ತ ಸುತ್ತಿದೆ, ಪ್ರದಕ್ಷಿಣೆ ಬಂದ ಹಾಗೆ.
ಸೇರಿಗೆ ಎಡಗಡೆ ಒಂದು ನೆಗ್ಗು ಇದೆ:
ನನ್ನ ತಂಗಿ ಗೌರಾ ಅದನ್ನು ಕಿರೀಟ ಮಾಡಿಕೊಂಡು
ಕಟ್ಟೆಯ ಮೇಲೆ ರಾಣಿಯಾಗಿ ನಿಂತಿದ್ದಾಗ
ರಾಜ್ಯಸಮೇತ ಚರಂಡಿಗೆ ಬಿದ್ದದ್ದು.
ಈಗ ಹಿಂದೂಪುರದ ಬಸ್ಸಿನಲ್ಲಿ ಕಂಡಕ್ಟರು,
ಚಿಲ್ಲರೆ ಇಲ್ಲದವರ ಮೇಲೆ ಇವತ್ತಿಗೂ ಆಳ್ವಿಕೆ.

ಬೆಳಿಗ್ಗೆ ಹೊಸ ಸೇರು ಮೆಷಿನ್ನಿನಲ್ಲಿ ಕಾದಿತ್ತು.
ಬಿಳಿ. ಹಗುರ. ತಟ್ಟಿದರೆ ದನಿಯಿಲ್ಲ.
ಹೆಬ್ಬೆರಳು ತಾನಾಗಿ ಎಡಕ್ಕೆ ಹೋಯಿತು.
ಇತ್ತು ನೆಗ್ಗು,
ಎಲ್ಲಿಂದಲೂ ಬೀಳದೆ ಬಂದದ್ದು,
ಯಾರೂ ಅಳದೆ ಬಂದದ್ದು.
ಗೌರಾಗೆ ಫೋಟೋ ಕಳಿಸಿದೆ.
"ಒದೆ ತಿಂದದ್ದೂ ಬಂತಾ ಅದರಲ್ಲಿ?" ಅಂತ ಕೇಳಿದಳು.

ರಾಗಿ ಅಳೆದೆ. ಹಿತ್ತಾಳೆಯದರಲ್ಲಿ ತುಂಬಿ
ಬಿಳಿಯದಕ್ಕೆ ಸುರಿದೆ.
ಒಂದು ಹಿಡಿ ಮೇಲೆ ಉಳಿದು ಸ್ಟೂಲಿನಿಂದ ಜಾರಿತು.
ಫೋನು ಕಂಡದ್ದು ಹೊರಮೈ ಮಾತ್ರ;
ಒಳಗಿನ ದಪ್ಪ ನಾನೇ ಕೊಟ್ಟದ್ದು,
ಕೊಟ್ಟಷ್ಟನ್ನು ಅದು ರಾಗಿಯಿಂದ ಮುರಿದುಕೊಂಡಿತ್ತು.
ಮೈಕ್ರಾನಿಗೆ ಮೈಕ್ರಾನು ತಾಳೆ ನೋಡಿ ಸಂಬಳ ತಿಂದವಳು
ನೆಲದ ಮೇಲಿನ ಕಾಳು ಬಳಿಯುತ್ತಾ ನಕ್ಕೆ.

ಫೈಲನ್ನು ಚೂಡೇಶನಿಗೆ ಕೊಟ್ಟಿದ್ದೆ, ಕೇಳಿದ ಅಂತ.
ನಿನ್ನೆ ರಾತ್ರಿ ಅವನ ಮೆಸೇಜು:
"ಅಕ್ಕಾ, ನಮ್ಮೂರಲ್ಲಿ ದಿನಸಿ ಅಂಗಡಿ ತೆಗೆದೆ,
ನಿಮ್ಮ ಸೇರು ಗಲ್ಲದ ಪಕ್ಕ ಇಟ್ಟಿದೀನಿ.
ಯಾವುದೋ ದೇಶದವನು ಬಂದು ಕೇಳ್ತಿದಾನೆ,
ಇದು ಎಷ್ಟು ಹಿಡಿಯುತ್ತೆ ಅಂತ.
ಏನು ಹೇಳಲಿ?"

ಟೈಪು ಮಾಡಿದೆ. ಅಳಿಸಿದೆ.
ಎದ್ದು ದೀಪ ಹಾಕಿ
ಎರಡೂ ಸೇರು ಮುಂದಿಟ್ಟುಕೊಂಡೆ,
ರಾಗಿ ಡಬ್ಬದ ಮುಚ್ಚಳ ತೆಗೆದೆ.
ಆ ಕಡೆ ಅವನು ಅಂಗಡಿಯ ಮುಂದೆ
ಇನ್ನೂ ನಿಂತಿದ್ದಾನೆ.