ಮೂರು ದಿನದ ಹಕ್ಕಿಗಳು

ಗಾಳಿ ತಂತಿ ಕಡಿದದ್ದು ಮಂಗಳವಾರ.
ಅಕ್ಟೋಬರಿನ ನಡುವೆ, ಹಕ್ಕಿಗಳು ದಕ್ಷಿಣಕ್ಕೆ ಸುರಿಯುವ ವಾರದಲ್ಲೇ
ಲಿಥುವೇನಿಯಾದ ಈ ಮರಳು ಮೂತಿಗೂ
ವಿಲ್ನಿಯಸ್ಸಿನ ಸರ್ವರಿಗೂ ಮಾತು ನಿಂತಿತು.
ಹಕ್ಕಿಗಳಿಗೆ ಯಾರು ಹೇಳಬೇಕು?
ಮನೆಯೆತ್ತರದ ಬಲೆಯ ಬಾಯಿಗೆ
ಅವು ಬಂದೇ ಬಂದವು.

ಬೆರ್ನೊತಾಸ್ ಕಾಲಿಗೆ ಉಂಗುರ ತೊಡಿಸಿ ಅಂಕಿ ಕೂಗುತ್ತಿದ್ದ,
ನಾನು ಟೈಪಿಸುತ್ತಿದ್ದೆ
ಬಲೆ ಎಂದು ಹೆಸರಿಟ್ಟ ಫೋಲ್ಡರಿನೊಳಗೆ, ಎಂದಿನಂತೆ.
ಕೆಂಗೊರಳು, ಹದಿನಾರು ಗ್ರಾಂ.
ಚಿನ್ನದ ನೆತ್ತಿಯ ಪುಟಾಣಿ, ಐದು ಗ್ರಾಂ,
ಅಂದರೆ ಒಂದು ಚಮಚ ಸಕ್ಕರೆ, ಸಮುದ್ರ ದಾಟಿ ಬಂದದ್ದು.
ಮೂರು ದಿನ. ನಾನೂರ ಹನ್ನೆರಡು.

ಶುಕ್ರವಾರ ತಂತಿಗೆ ಜೀವ ಬಂತು.
ಕಪ್ಪು ಪರದೆ, ಮಿಣುಕುವ ಕರ್ಸರ್.
ಮೌಂಟ್ ಎಂದು ಬರೆದೆ, ಎರಡು ಓರೆಗೀಟು,
ಸರ್ವರಿನ ಹೆಸರು, ಇನ್ನೊಂದು ಓರೆಗೀಟು,
ಎಲ್ಲರೂ ಹಂಚಿಕೊಂಡ ಡ್ರೈವಿನ ಹೆಸರು,
ಕೊನೆಗೆ ಅದು ಬಂದು ಕೂರಬೇಕಾದ ಜಾಗ: ಬಲೆ.
ಪಾಸ್‌ವರ್ಡ್ ಕೇಳಿತು.
ಈ ಪರದೆ ಪಾಸ್‌ವರ್ಡಿಗೆ ಒಂದು ಚುಕ್ಕಿಯನ್ನೂ ತೋರಿಸದು;
ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ
ಹನ್ನೊಂದು ಅಕ್ಷರ ಬೆರಳ ನೆನಪಿನಿಂದಲೇ ಹೋದವು.
ಬೈಯಲಿಲ್ಲ. ಬೈಯದಿದ್ದರೆ ಒಪ್ಪಿದೆ ಎಂದರ್ಥ.

ಫೋಲ್ಡರ್ ತೆರೆದೆ.
ಇಪ್ಪತ್ತೆರಡು ವರ್ಷದ ಹಕ್ಕಿಗಳಿದ್ದವು, ಸೋಮವಾರದವರೆಗೆ.
ಆಮೇಲೆ ಖಾಲಿ ಆಕಾಶ.

"ಹೋಯಿತು" ಎಂದೆ. ಬಾಯಿ ಒಣಗಿತ್ತು.
ಬಟ್ಟೆಚೀಲದೊಳಗೆ ಕೈಯಿಟ್ಟಿದ್ದ ಬೆರ್ನೊತಾಸ್
ತಲೆಯೆತ್ತದೆ ಕೇಳಿದ:
"ಡ್ರೈವ್ ಎಲ್ಲಿ ಬಂದು ಕೂತಿದೆ?"
"ಬಲೆಯ ಮೇಲೆ."
"ನೀನು ಬರೆದದ್ದು?"
"ಬಲೆಯೊಳಗೆ."
"ಮತ್ತೆ?" ಎಂದ. ಅಷ್ಟೇ.

ಓಹೋ.
ತಂತಿಯಿಲ್ಲದ ಮೂರು ದಿನ ಅದು ಬರೀ ನಮ್ಮ ಮೇಜಿನ ಫೋಲ್ಡರು.
ಈಗ ವಿಲ್ನಿಯಸ್ ಬಂದು ಅದರ ಮೇಲೆ
ಜಮಖಾನ ಹಾಸಿದೆ.

ಇಳಿಸುವ ಆಜ್ಞೆಯಲ್ಲಿ ಒಂದಕ್ಷರ ಕಡಿಮೆ.
ಅನ್‌ಮೌಂಟಿನ ನಕಾರವನ್ನು ಯಾರೋ ಹಳಬರು ನುಂಗಿ
ಉಮೌಂಟ್ ಮಾಡಿಟ್ಟಿದ್ದಾರೆ;
ನಾನು ಪ್ರತಿ ಸಲ ಅದನ್ನು ಸೇರಿಸಿ ಬೈಸಿಕೊಳ್ಳುತ್ತೇನೆ.
ಇವತ್ತು ಸರಿಯಾಗಿಯೇ ಬರೆದೆ.
ಆಗದು, ಬಳಕೆಯಲ್ಲಿದೆ, ಎಂದಿತು.
ಯಾರ ಬಳಕೆಯಲ್ಲಿ? ಕೋಣೆಯಲ್ಲಿ ಇಬ್ಬರೇ.
ನೋಡಿದರೆ ನಾನೇ ಅದರೊಳಗೆ ನಿಂತಿದ್ದೇನೆ,
ಕೂತ ಚಾಪೆಯನ್ನೇ ಮಡಚಲು ಹೊರಟವಳು.

ಎರಡು ಚುಕ್ಕಿ. ಒಂದು ಮೆಟ್ಟಿಲು ಹೊರಗೆ.
ಮತ್ತೆ ಬರೆದೆ. ಸದ್ದಿಲ್ಲ.
ಅಡಿಯಲ್ಲಿ
ಮಂಗಳವಾರ, ಬುಧವಾರ, ಗುರುವಾರ,
ಸಾಲು ಸಾಲಾಗಿ, ರೆಕ್ಕೆಯುದ್ದ ಸಹಿತ,
ನನ್ನ ತಪ್ಪು ಕಾಗುಣಿತ ಸಹಿತ,
ಅಲ್ಲೇ ಇದ್ದವು.

ಅವನ್ನು ಪಕ್ಕಕ್ಕೆ ತೆಗೆದಿಟ್ಟು, ಡ್ರೈವನ್ನು ಮತ್ತೆ ಕರೆದು,
ಸೋಮವಾರದ ಕೆಳಗೆ ಸೇರಿಸಿದೆ.
"ನನ್ನ ನೋಟ್‌ಬುಕ್ಕಿನಲ್ಲೂ ಇತ್ತಲ್ಲ" ಎಂದ ಬೆರ್ನೊತಾಸ್,
ಎಲ್ಲ ಮುಗಿದ ಮೇಲೆ.
"ಮೊದಲೇ ಹೇಳಬಾರದಿತ್ತೆ?"
"ಕೇಳಲಿಲ್ಲ ನೀನು."

ಗೂಟಕ್ಕೆ ತೂಗುಹಾಕಿದ ಚೀಲವೊಂದು
ಅಲುಗಿತು. ಐದು ಗ್ರಾಂ ಇರಬಹುದು.
ಕೀಲಿಮಣೆಯ ಮೇಲೆ ಕೈಯಿಟ್ಟೆ.
ಅಂಕಿ ಕೂಗು, ಎಂದೆ.