ಹೆಬ್ಬೆರಳ ಸ್ಟಾಪು

ಹನ್ನೆರಡಕ್ಕೆ ಕುಕ್ಕರ್ ಕೂಗುತ್ತೆ. ಅಷ್ಟೊತ್ತಿಗೆ
ಹದಿನೇಳು ಮಕ್ಕಳ ಮೂವತ್ನಾಕು ಕೈ
ನಲ್ಲಿಕಟ್ಟೆ ಹತ್ರ ಸಾಲು ನಿಲ್ಲಬೇಕು.
ನಿಲ್ತಾವಾ? ಒಂದು ಮೂಗಿನಲ್ಲಿರುತ್ತೆ,
ಒಂದು ಪಕ್ಕದವಳ ಜಡೆಯಲ್ಲಿ,
ಒಂದು ಚಡ್ಡಿ ಜೇಬಲ್ಲಿ ಏನನ್ನೋ ಹಿಡಿದುಕೊಂಡು
ಬಿಡಲ್ಲ ಅನ್ನುತ್ತೆ. ಬಿಡಿಸಿದರೆ ಆಲೂಗೆಡ್ಡೆ,
ಗೋಲಿಯಷ್ಟು, ಮೊಳಕೆ ಬಂದದ್ದು.

ಎಪಿಎಂಸಿ ಯಾರ್ಡಿನ ಬೆನ್ನಿಗೆ ನಮ್ಮ ಅಂಗನವಾಡಿ.
ಬಿತ್ತನೆ ಗೆಡ್ಡೆ ಬಂದಿಳಿವ ಕಾಲಕ್ಕೆ
ಹಾಸನದ ಈ ಮೂಲೆಯೆಲ್ಲ ಗೋಣಿ, ಮಣ್ಣು, ಕೊಳೆತ ವಾಸನೆ.
ಅಪ್ಪಂದಿರು ಮೂಟೆ ಹೊರ್ತಾರೆ, ಅಮ್ಮಂದಿರು ಕೆಟ್ಟದ್ದು ಆರಿಸ್ತಾರೆ,
ಮಕ್ಕಳ ಉಗುರೊಳಗೆ
ಒಂದೊಂದು ಸಣ್ಣ ಹೊಲ.

ಮೇಡಂ ಚಾರ್ಟ್ ತೋರಿಸಿದರು:
ಹಸಿರು ಕ್ರಿಮಿ, ಕೋರೆಹಲ್ಲು, ಎರಡು ಕೊಂಬು.
ಮಕ್ಕಳಿಗೆ ಅದು ಇಷ್ಟವಾಗಿಬಿಟ್ಟಿತು.
ತಬಸ್ಸುಮ್ ಕೇಳಿದಳು, ಇದನ್ನ ಸಾಕಬಹುದಾ?

ಇಪ್ಪತ್ತು ಎಣಿಸೋ ತನಕ ಉಜ್ಜಿ ಅಂದರು.
ನಮ್ಮವಕ್ಕೆ ಹನ್ನೊಂದಾದ ಮೇಲೆ ನೇರ ಹತ್ತೊಂಬತ್ತು.
ಆಗ ಕಂಡಕ್ಟರ್ ಲೋಕೇಶಪ್ಪನ ಮಗಳು ನಿಹಾರಿಕ
ಎಡಗೈ ಚಾಚಿ, ಬಲಗೈಲಿ ಸೋಪು ಹಿಡಿದು,
ಅವಳಪ್ಪನ ಗಂಟಲಲ್ಲಿ ಕೂಗಿದಳು:
ಯಾರ್ರೀ ಕಂದಲಿ! ಕಿರುಬೆರಳು.
ಆಲೂರು! ಉಂಗುರದ್ದು.
ಪಾಳ್ಯ, ಪಾಳ್ಯ! ನಡುಬೆರಳು, ಸಂದಿ ಖಾಲಿ ಐತೆ, ಒಳಗೆ ಹೋಗ್ರೀ ಒಳಗೆ.
ಬಾಳ್ಳುಪೇಟೆ! ತೋರುಬೆರಳು, ಉಗುರು ಅಂಗೈಗೆ ಗೀರಿ.
ಅಲ್ಲಿಂದ ಬಸ್ಸು ನೇರ ಸಕಲೇಶಪುರಕ್ಕೆ ಹೊರಟಿತ್ತು.
ಬಾಗೆ ಬಿಟ್ಟೆಯಲ್ಲೇ? ಅಂದೆ.
ಹೆಬ್ಬೆರಳು ನೋಡಿಕೊಂಡಳು. ಮಣ್ಣು ಹಾಗೇ ಇತ್ತು.
ಎಕ್ಸ್‌ಪ್ರೆಸ್ ಗಾಡಿ ಅಲ್ಲಿ ನಿಲ್ಲಲ್ಲ ಆಂಟಿ.

ಇದು ಶಟಲ್ ಕಣೆ, ನಿಲ್ಲಿಸು.
ನಾಲ್ಕು ಬೆರಳು ತುತ್ತು ಹೊರ್ತಾವೆ, ಹಮಾಲರ ಹಾಗೆ;
ಬಾಯೊಳಕ್ಕೆ ತಳ್ಳೋದು ಹೆಬ್ಬೆರಳು.
ಚೀಪೋದೂ ಅದನ್ನೇ, ನಿದ್ದೆ ಬಂದಾಗ ಹುಡುಕೋದೂ ಅದನ್ನೇ,
ಮರೆಯೋದೂ.

ಇದು ಚಾರ್ಟಿನಲ್ಲಿ ಇರಲಿಲ್ಲ. ನನಗೆ ಗೊತ್ತಿತ್ತು.

ಹೋದ ವರ್ಷ, ನಲ್ಲಿಗೆ ನೀರಿಲ್ಲದ ಮೂರನೇ ದಿನ,
ಕಟ್ಟಿದ ಚರಂಡಿಗೆ ಕಡ್ಡಿಯಾಡಿಸಿದ ಕೈ
ಸೆರಗಿಗೆ ಒರೆಸಿ, ಕೊಡದ ತಳದ ನೀರು ಅನ್ನಕ್ಕಿರಲಿ ಅಂತ
ಹಾಗೇ ಮೊಟ್ಟೆ ಸುಲಿದೆ. ಹದಿನಾರು.
ಸುಲಿದ ಮೊಟ್ಟೆ ಅದೆಷ್ಟು ಬೆಳ್ಳಗಿರುತ್ತೆ ಅಂದರೆ
ಒಂದರ ಮೇಲೆ ನನ್ನ ಹೆಬ್ಬೆರಳ ಗೆರೆಗಳು ಕಂಡವು.
ಸೆರಗಲ್ಲೇ ಒರೆಸಿದೆ.
ಹೋಯಿತು ಅಂದುಕೊಂಡೆ.

ಎರಡು ದಿನ ಬಿಟ್ಟು ಸಿದ್ದೇಶನ ಮಗ ಮೋಕ್ಷಿತ್ ಬರಲಿಲ್ಲ.
ದೊಡ್ಡಾಸ್ಪತ್ರೆಯಲ್ಲಿ ಅವನ ಕೈ ನೋಡಿದೆ,
ಸೂಜಿ ಅಲ್ಲಾಡದಂತೆ ರಟ್ಟಿನ ಪಟ್ಟಿ ಕಟ್ಟಿದ್ದರು,
ಕೈಗಿಂತ ಪಟ್ಟಿ ದೊಡ್ಡದು.
ರಸ್ತೇಲಿ ಕಲ್ಲಂಗಡಿ ತಿಂದಿದ್ದ ಅಂದಳು ಅವರಮ್ಮ. ಇರಬಹುದು.
ನೀರಿನ ಪೈಪು ಒಡೆದಿದೆ ಅಂದರು ಡಾಕ್ಟರು. ಇರಬಹುದು.
ನಾನು ಏನೂ ಅನ್ನಲಿಲ್ಲ.
ನಾಲ್ಕು ಬಾಳೆಹಣ್ಣು ಇಟ್ಟು ಬಂದೆ,
ಸುಲಿದು ಕೊಡಿ ಅಂದರೂ ಸುಲಿಯದೆ.

ಈಗ ಅವನಿಗೆ ಐದು. ನಿಹಾರಿಕಳ ಬಸ್ಸಿಗೆ ಅವನೇ ಚೆಕಿಂಗು.
ತೊಳೆದು ಬಂದವರ ಕೈ ಒಂದೊಂದಾಗಿ ಮೂಸ್ತಾನೆ.
ಸೋಪಿನ ವಾಸನೆ ಬಂದರೆ ರೈಟ್ ರೈಟ್,
ಬರದಿದ್ದರೆ ಸೀಟಿ, ಗಾಡಿ ರಿವರ್ಸು.

ಇವತ್ತು ನನ್ನ ಮುಂದೂ ಬಂದು ನಿಂತ.
ಆಂಟಿ, ಟಿಕೆಟ್ಟು.
ಚಾಚಿದೆ. ಐವತ್ತೊಂದು ವರ್ಷದ ಕೈ,
ಈರುಳ್ಳಿ ಹೆಚ್ಚಿದ ಕಚ್ಚು, ಸೀಮೆಸುಣ್ಣ ಕೂತ ಬಿರುಕು.
ಕಿರುಬೆರಳು ಮೂಸಿದ. ಆಮೇಲಿನದು. ಆಮೇಲಿನದು.
ಹೆಬ್ಬೆರಳ ಹತ್ರ ತಡೆದ.
ಮತ್ತೊಂದು ಸಲ ಮೂಸಿದ, ಕಣ್ಣು ಮುಚ್ಚಿಕೊಂಡು.
ನನಗೆ ಉಸಿರು ಎಲ್ಲಿತ್ತೋ.

ಬಾಗೆ! ಅಂತ ಕೂಗಿದ, ಇಡೀ ಅಂಗನವಾಡಿಗೆ ಕೇಳೋ ಹಾಗೆ.
ಇಳೀರಿ.

ಇಳಿದೆ.
ನಲ್ಲಿ ಸಣ್ಣಗೆ ಬರ್ತಿತ್ತು, ಬರ್ತಿತ್ತಲ್ಲ.
ಹಿಂದೆ ಕುಕ್ಕರ್ ಕೂಗಿತು. ಕೂಗಲಿ.